ಬೀಗರೂರಿನ ಗೋಲು

ಕುಂದಗೋಳದಿಂದ ನಮ್ಮೂರಿಗೆ ಬರೂ ಬಸ್ಸಿನ್ಯಾಗ ಮೊನ್ನೆ ಯಾರೋ ಪುಣ್ಯಾತ್ಮರು ಒಣಮೆಣಸಿನಕಾಯಿ ಚೀಲ ಹೇರಿದ್ರು. ಡ್ರೈವರ್ ಗಕ್ಕನ ಬ್ರೇಕ್ ಹಾಕಿದ, ಚೀಲ ಉರುಳಿ ಬಾಯಿ ಬಿಚ್ಚಿತು, ಘಾಟು ಎದ್ದು ಇಡೀ ಬಸ್ಸು ಸೀನಾಕ ಹತ್ತಿತು. ಕಂಡಕ್ಟರ್ ಸೀನಿಕೋತನ ಬೈದ, ಮಂದಿ ಸೀನಿಕೋತನ ನಕ್ಕರು. ನಾ ಮಾತ್ರ ಕಿಡಕಿ ಬಾಜು ಕುಂತು ಕಣ್ಣೀರು ಸುರಿಸಿದೆ, ಮೂಗಿಗೆ ಸೆರಗ ಹಿಡೀಲಿಲ್ಲ. ಆ ಘಾಟು ನನಗ ಬೇಕಾಗಿತ್ತು. ಅದು ಮೂಗಿಗೆ ಬಡೀತಂದ್ರ ನನಗ ಒಂದೇ ವರ್ಷ ನೆನಪಾಗತೈತಿ. ಸ್ಪೇನ್ ದೇಶದ ಹಳದಿ ಅಂಗಿ ಫುಟ್‌ಬಾಲ್ ತಂಡ ಯುರೋಪಿನ ದೊಡ್ಡ ಟೂರ್ನಿಯೊಳಗ ಕಡೇ ನಾಲ್ಕರ ತನಕ ಹೋದ ವರ್ಷ. ನಮ್ಮ ಮಾಳವ್ವನ ಲಗ್ನ ಗೋಲಿನ ಎರಡು ಕಂಬದ ನಡುವ ನಿಂತ ವರ್ಷ.

ನಗಬ್ಯಾಡ್ರಿ. ಎರಡಕ್ಕೂ ಸಂಬಂಧ ಐತಿ, ಹೇಳತೀನಿ.

ನಾ ನಮ್ಮೂರ ಹೈಸ್ಕೂಲಿನ್ಯಾಗ ಪಿ.ಟಿ. ಟೀಚರ್. ಲಗ್ನ ಆಗಿ ಬಂದ ಹೊಸದಾಗಿ ಕೊಳ್ಳಾಗ ತಾಳಿ ಜೋಡಿ ಸೀಟಿ ಹಾಕ್ಕೊಂಡು ಅಡ್ಡಾಡಿದ್ದಕ್ಕ ಊರ ಮಂದಿ ನನಗ 'ಸೀಟಿ ಸೊಸಿ' ಅಂತ ಹೆಸರಿಟ್ರು. ಇಡಲಿ ಬಿಡು, ಚಲೋ ಹೆಸರು ಅಂತ ನಾನೂ ಇಟ್ಟುಕೊಂಡೆ. ಮಾಳವ್ವ ಅಂದ್ರ ನಮ್ಮ ಬಾವ ಬೀರಪ್ಪನ ಮಗಳು, ನನಗ ಚಿಗವ್ವ ಅಂತಾಳ. ಸಾಲಿ ಕಲಿಯೂ ಮುಂದ ನಾನs ಆಕಿನ್ನ ಗೋಲು ಕಾಯೂ ಗೋಲಿ ಅಂತ ನಿಲ್ಲಿಸಿದ್ದೆ. ಕುರಿ ಹಿಂಡು ಅಡ್ಡಗಟ್ಟಿ ಬೆಳದ ಹುಡುಗಿ ಅದು; ಎರಡೂ ಕೈ ಚಾಚಿ ನಿಂತಳಂದ್ರ ಟಗರು ಸೈತ ಹಿಂದಕ್ಕ ಸರೀತಿತ್ತು. ಡಿಗ್ರಿ ಮುಗದು ಮನ್ಯಾಗಿದ್ರೂ ಆಟ ಬಿಟ್ಟಿರಲಿಲ್ಲ. ಆಕಿ ಹಂಗ ಸಾಲಿ ಬಿಟ್ಟ ಹುಡುಗ್ಯಾರನ್ನ ಕೂಡಿಸಿ ನಾ ಏಳು ಮಂದಿ ತಂಡ ಕಟ್ಟಿದ್ದೆ, ಮಾಳವ್ವನs ಕ್ಯಾಪ್ಟನ್.

ಇನ್ನ ಸ್ಪೇನಿನ ತಂಡ ನಮ್ಮ ಮನಿಗೆ ಹೆಂಗ ಬಂತು ಅನ್ನೂದು. ಅದರ ಹಿಂದಿನ ವರ್ಷ ಕೊರೋನಾದ ಬ್ಯಾಸಗಿ, ಸಾಲಿ ಬಂದ್, ಬಾಗಲಾ ಬಂದ್, ಕೈಯಾಗ ಒಂದು ಮೊಬೈಲು. ಒಂದಿನ ಮುಂಜಾನೆ ಚಾ ಕುಡಕೋತ ಕುಂತಾಗ ಹಿಂದಿನ ರಾತ್ರಿ ಯುರೋಪದಾಗ ನಡೆದ ಯಾವುದೋ ಫೈನಲ್ ಕಣ್ಣಿಗೆ ಬಿತ್ತು. ಬಾಜು ಕುಂತು ಜ್ವಾಳ ಹಸನ ಮಾಡಾಕತ್ತಿದ್ದ ನಮ್ಮತ್ತಿ ಯಮನವ್ವ ಮೊಬೈಲಿನ್ಯಾಗ ಹಣಿಕಿ ಹಾಕಿ ಅಂದ್ಲು:

"ಯಾರ ಬೇ ಇವರು, ಮೈತುಂಬ ಭಂಡಾರ ಹಚ್ಚಿಕೊಂಡು ಓಡಾಕತ್ತಾರ?"

ನಾವು ಹಾಲುಮತದವರು. ಭಂಡಾರ ಅಂದ್ರ ಬೀರದೇವರ ಪ್ರಸಾದ, ಆ ಅರಿಶಿಣ ಬಣ್ಣದ ಮುಂದ ನಮ್ಮ ಮನ್ಯಾಗ ಎರಡನೇ ಮಾತಿಲ್ಲ. ಅಂಗಿ ಹಳದಿ, ಚಡ್ಡಿ ಹಳದಿ, ಕಾಲಚೀಲ ಸೈತ ಹಳದಿ. "ಇವರು ನಮ್ಮವರs," ಅಂತ ಅತ್ತಿ ಮೊರದಾಗಿನ ಜ್ವಾಳ ಬಾಜೂಕ ಇಟ್ಟು ತೀರ್ಪು ಕೊಟ್ಟುಬಿಟ್ಲು. ಆವತ್ತಿಂದ ಆ ತಂಡದ ಚರಿತ್ರಿ ಎಲ್ಲೆಲ್ಲಿ ಸಿಕ್ಕತೈತಿ ಅಲ್ಲೆಲ್ಲಾ ಹುಡುಕಿ ಓದಾಕ ಹತ್ತಿದೆ. ಓದಿದ್ದನ್ನ ಒಬ್ಬಾಕಿನ ಇಟಗೊಳ್ಳೂ ಜಾತಿ ನಂದಲ್ಲ.

ನಮ್ಮ ಸಾಲಿ ಮೈದಾನ ಎರಿ ಮಣ್ಣು. ಮಳಿಗಾಲದಾಗ ಒಂದು ಹೆಜ್ಜಿ ಇಟ್ರ ಕಾಲಿಗೆ ಸೇರುಗಟ್ಟಲೆ ಮಣ್ಣು, ಬ್ಯಾಸಗಿಯೊಳಗ ಕೈ ಹೋಗೂವಷ್ಟು ಬಿರುಕು. ಆಡೂವಂಥ ಗಟ್ಟಿ ನೆಲ ಅಂದ್ರ ಊರ ಮುಂದಿನ ಕಣ ಒಂದೇ. ಸಂಕ್ರಾಂತಿ ಆತಂದ್ರ ಅದರ ಅರ್ಧದ ಮ್ಯಾಲೆ ಮೆಣಸಿನಕಾಯಿ ಬೀಳತೈತಿ. ಹಂಗಾಗಿ ಆ ವರ್ಷ ಅರ್ಧ ಕಣ ಕೆಂಪು, ಇನ್ನರ್ಧದಾಗ ಸ್ಪೇನಿನವರಂಗ ಹಳದಿ ಅಂಗಿ ತೊಟ್ಟ ನಮ್ಮ ಹುಡುಗ್ಯಾರು. ಸಂಜಿಮುಂದ ಹೆಣಮಕ್ಕಳು ಕಾಯಿ ತಿರುವಿ, ಬಿಳಿಗಾಯಿ ಆರಿಸಿ ಒಗೀತಿದ್ರು. ಹುಡುಗ್ಯಾರು ಆಡಿ ದಣದು ಬಂದು ಅವರ ಬಾಜು ಕುಂಡ್ರತಿದ್ರು. ಅಲ್ಲೇ ನನ್ನ ಪುರಾಣ ಸುರು ಆಗತಿತ್ತು.

"ಊರು ಎಷ್ಟು ದೊಡ್ಡದು?" ಅಂತ ಅತ್ತಿ ಮೊದಲನೇ ದಿನಾನ ಕೇಳಿದ್ಲು.

"ನಮ್ಮ ಕುಂದಗೋಳಕ್ಕಿಂತ ದೊಡ್ಡದೈತ್ರಿ ಅತ್ತಿ, ಆದ್ರ ಹುಬ್ಬಳ್ಳಿಯ ಒಂದು ಮೂಲಿಗೆ ಸಾಲೂದಿಲ್ಲ. ಹಂಚು ಸುಡತಾರ, ಕಿತ್ತಳಿ ಬೆಳೀತಾರ. ಮೊದಲ ಬಿಳಿ ಅಂಗಿ ಹಾಕತಿದ್ರಂತ. ಒಂದ್ಸಲ ಅಂಗಡ್ಯಾಗ ಬಿಳಿ ಸಿಗಲಿಲ್ಲಂತ, ಇದ್ದದ್ದು ಹಳದಿ, ಅದನ್ನ ತಂದು ಹಾಕ್ಕೊಂಡ್ರಂತ."

"ಅಂಗಡ್ಯಾಗ ಬಿಳಿ ಖಾಲಿ ಮಾಡಿದ್ದು ಯಾರು? ನಮ್ಮ ಬೀರದೇವರs," ಅಂದ್ಲು ಅತ್ತಿ.

ಎಷ್ಟೋ ವರ್ಷ ಕೆಳಗಿನ ದರ್ಜೆಯೊಳಗ ಒದ್ದಾಡಿದ ತಂಡ ಅದು. ಯುರೋಪಿಗೆ ಕಾಲಿಟ್ಟಿದ್ದೂ ಮುಂಬಾಗಿಲಿಂದ ಅಲ್ಲ. ಬ್ಯಾಸಗಿ ಸೂಟಿಯೊಳಗ ನಡೆಯೂ ಒಂದು ಸಣ್ಣ ಟೂರ್ನಿ ಗೆದ್ದು, ಹಿತ್ತಲ ಬಾಗಿಲಿಂದ ಒಳಗ ಬಂದ್ರು. ಬಂದವರು ಸುಮ್ಮನ ಕುಂಡ್ರಲಿಲ್ಲ. ಸೆಮಿಫೈನಲ್ ತನಕ ಹೋಗಿ ಬಾಜು ಊರಿನ ತಂಡದ ಕೈಯಾಗನ ಸೋತ್ರು. ಆಮ್ಯಾಲೆ ಎಲ್ಲಕ್ಕಿಂತ ದೊಡ್ಡ ಟೂರ್ನಿಗೆ ಮೊದಲನೇ ಸಲ ಹೋದವರು ಅಲ್ಲಿಯೂ ಸೆಮಿಫೈನಲ್ ಮುಟ್ಟಿದ್ರು. ಎದುರಿಗೆ ಇಂಗ್ಲೆಂಡಿನ ತಂಡ. ಅವರೂರಾಗಿನ ಮೊದಲನೇ ಆಟ ಒಂದು ಗೋಲಿಲೆ ಸೋತು ಬಂದಿದ್ರು, ತಮ್ಮೂರಾಗಿನ ಎರಡನೇ ಆಟ ಮುಗಿಯಾಕ ಬಂದಾಗ ಪೆನಾಲ್ಟಿ ಸಿಕ್ತು. ತಂಡದಾಗಿನ ಅಗದಿ ಶಾಣ್ಯಾ ಆಟಗಾರ ಬಾಲಿನ ಮುಂದ ನಿಂತ.

ಇಲ್ಲಿಗೆ ಬಂದು ನಾ ಬೇಕಂತನ ನಿಲ್ಲಿಸಿದೆ. ಕಾಯಿ ಆರಿಸೂ ಕೈಗೋಳೆಲ್ಲಾ ನಿಂತಿದ್ವು.

"ಹೇಳ ಬೇ! ಹೊಡದನೋ ಇಲ್ಲೋ?" ಅಂದ್ಲು ಅತ್ತಿ.

"ಗೋಲಿ ಹಿಡದಬಿಟ್ಟ್ರಿ."

ಅತ್ತಿ ಆ ಸಂಜಿ ರೊಟ್ಟಿ ಅರ್ಧ ತಿಂದು ಎದ್ಲು. ಆಗಿ ಎಷ್ಟೋ ವರ್ಷ ಆಗೇತ್ರಿ ಅಂದ್ರ, "ನನಗ ಇವತ್ತs ಆಗೇತಿ," ಅಂದ್ಲು.

ಮರುದಿನ ಮುಂದಿನದು ಹೇಳಿದೆ. ಪೋರ್ಚುಗಲ್ಲಿನವರ ಕೈಯಾಗ ಮತ್ತೊಂದು ಸೆಮಿಫೈನಲ್ ಸೋತಿದ್ದು. ಅದರ ಹಿಂದಿಂದನ ತಮ್ಮ ದೇಶದಾಗ ಕೆಳಗಿನ ದರ್ಜೆಗೆ ಉರುಳಿದ್ದು, ಒಂದೇ ವರ್ಷದಾಗ ಮ್ಯಾಲೆ ಹತ್ತಿ ಬಂದಿದ್ದು. ಮತ್ತ ಯುರೋಪು, ಮತ್ತ ಸೆಮಿಫೈನಲ್, ಮತ್ತ ಇಂಗ್ಲೆಂಡಿನವರ ಕೈಯಾಗ ಸೋಲು. ನಾಲ್ಕು ಸಲ ಫೈನಲ್ಲಿನ ಹೊಸ್ತಿಲಕ್ಕ ಹೋಗಿ ತಿರುಗಿ ಬಂದವರು ಐದನೇ ಸಲ ಒಳಗ ಹೋದ್ರು. ಆವತ್ತು ಪೆನಾಲ್ಟಿ ಹಿಡಿದು ಅಳಿಸಿದ್ದ ಆ ತಂಡಾನ್ನ ಸೋಲಿಸೇ ಹೋದ್ರು. ಫೈನಲ್ ಸಮ ಆತು, ಪೆನಾಲ್ಟಿಗೆ ಬಂತು. ಎರಡೂ ಕಡೆ ಹತ್ತೂ ಮಂದಿ ಹೊಡದ್ರು, ಒಂದೂ ತಪ್ಪಲಿಲ್ಲ. ಉಳದವರು ಗೋಲಿಗಳಿಬ್ಬರು. ನಮ್ಮ ಹಳದಿ ತಂಡದ ಗೋಲಿ ತಾನು ಬಂದು ಹೊಡದ, ಆಮ್ಯಾಲೆ ಎದುರಿನ ಗೋಲಿ ಹೊಡದಿದ್ದನ್ನ ತಾನs ಹಿಡದ. ನಾನೂ ಅತ್ತಿನೂ ಚಾ ಕುಡಕೋತ ನೋಡಿದ್ದು ಅದನ್ನs.

ಮಾಳವ್ವ ಮಣಕಾಲ ತಬ್ಬಿಕೊಂಡು ಕುಂತು ಕೇಳಾಕತ್ತಿದ್ಲು. "ಚಿಗವ್ವಾ, ಕಡೀಕ ಎಲ್ಲಾ ಗೋಲಿ ಮ್ಯಾಲೇ ಬರತೈತಿ, ಹೌದಲ್ಲ?" ಅಂದ್ಲು. ಹೌದು ಅಂದೆ.

ಆ ಕಪ್ಪು ಗೆದ್ದಿದ್ದಕ್ಕನ ಆ ವರ್ಷ ಅವರಿಗೆ ದೊಡ್ಡ ಟೂರ್ನಿಯೊಳಗ ಜಾಗ ಸಿಕ್ಕಿತ್ತು. ಅಲ್ಲಿ ಒಬ್ಬರ ಜೋಡಿ ಎರಡೆರಡು ಆಟ, ಒಂದು ತಮ್ಮೂರಾಗ, ಒಂದು ಅವರೂರಾಗ, ಎರಡೂ ಕೂಡಿಸಿ ಲೆಕ್ಕ ಅಂತ ತಿಳಿಸಿ ಹೇಳಿದೆ. ಅತ್ತಿಗೆ ತಿಳಿಸೂದು ಏನೂ ಬೇಕಾಗಿರಲಿಲ್ಲ.

"ಗೊತ್ತಾತು ಬಿಡು. ಕನ್ಯಾ ನೋಡಾಕ ಅವರು ಬರೂದು, ಮನಿ ನೋಡಾಕ ನಾವು ಹೋಗೂದು."

"ಎರಡೂ ಕೂಡಿಸಿ ಸಮ ಆದ್ರ, ಎದುರಿನವರ ಊರಾಗ ಯಾರು ಹೆಚ್ಚು ಹೊಡದಾರ ಅವರು ಗೆದ್ದಂಗ ಇತ್ತರಿ ಮೊದಲ."

"ಬರೋಬ್ಬರಿ ಐತಿ! ತವರಮನ್ಯಾಗ ಎಲ್ಲಾರೂ ಶಾಣ್ಯಾರs. ಬೀಗರ ಮನ್ಯಾಗ ಭೇಷ್ ಅನಿಸಿಕೋಬೇಕು, ಅದರ ತೂಕನ ಬ್ಯಾರೆ."

ಅವತ್ತಿಂದ ಅದಕ್ಕ ನಮ್ಮ ಕಣದಾಗ 'ಬೀಗರೂರಿನ ಗೋಲು' ಅಂತ ಹೆಸರಾತು. ಈ ವರ್ಷದಿಂದ ಯುರೋಪದಾಗ ಆ ನಿಯಮ ತಗದಾರ್ರಿ ಅಂದ್ರ ಅತ್ತಿ ಸಿಟ್ಟಿಗೆದ್ಲು. "ಯಾರನ್ನ ಕೇಳಿ ತಗದ್ರು? ಅಲ್ಲಿ ತಗದ್ರ ತಗೀಲಿ, ನಮ್ಮ ಕಣದಾಗ ಇರಲಿ." ನಾ ಬಾಜು ಊರು ಯರಗುಪ್ಪಿಯ ಹುಡುಗ್ಯಾರ ತಂಡದ ಜೋಡಿ ಎರಡು ಆಟ ಗೊತ್ತು ಮಾಡಿದಾಗ ಅಲ್ಲಿನ ಪಿ.ಟಿ. ಮಾಸ್ತರಿಗೆ ಫೋನಿನ್ಯಾಗ ಇದನ್ನs ಹೇಳಿದೆ. "ಆತ್ರಿ ಟೀಚರ್, ಬೀಗರೂರಿನ ಗೋಲು ಇರಲಿ," ಅಂತ ಅವರು ನಕ್ಕೋತ ಒಪ್ಪಿದ್ರು.

ಮೊದಲನೇ ಆಟ ನಮ್ಮ ಕಣದಾಗ. ನಾವು ಒಂದು ಗೋಲು ಮುಂದಿದ್ವಿ. ಅಷ್ಟರಾಗ ಯಾರೋ ಒದ್ದ ಬಾಲು ಹೋಗಿ ಮೆಣಸಿನಕಾಯಿ ರಾಶಿಯೊಳಗ ಹೂತು ಕುಂತಿತು. ಹೆಣಮಕ್ಕಳು ಹೋ ಅಂತ ಎದ್ರು, "ಕಾಯಿ ತುಳದೀರಿ ಹುಷಾರ್!" ಅಂದ್ರು. ಮಾಳವ್ವ ಕೈ ಹಾಕಿ ಬಾಲು ತಗದು ಒಗದ್ಲು, ಅದೇ ಕೈಲೆ ಕಣ್ಣ ಮ್ಯಾಲಿನ ಬೆವರು ಒರಸಿಕೊಂಡ್ಲು. ಮುಗೀತು! ಆಕಿ "ಅವ್ವಾ" ಅಂತ ಕಣ್ಣ ಮುಚ್ಚಿ ಕುಂಡ್ರೂದಕ್ಕೂ ಯರಗುಪ್ಪಿಯವರ ಬಾಲು ಬಾಜು ಹಾದು ಒಳಗ ಹೋಗೂದಕ್ಕೂ ಸರಿ ಹೋತು. ಒಂದಕ್ಕ ಒಂದು. ಅವರಿಗೆ ಬೀಗರೂರಿನ ಗೋಲು ಸಿಕ್ಕಿತು, ಅದೂ ನಮ್ಮ ಮೆಣಸಿನಕಾಯಿ ಹೊಡದ ಗೋಲು. ಅದೇ ದಿನಮಾನದಾಗ ಸ್ಪೇನಿನವರೂ ತಮ್ಮೂರಾಗ ಇಟಲಿಯ ದೊಡ್ಡ ತಂಡದ ಜೋಡಿ ಒಂದಕ್ಕ ಒಂದು ಮಾಡಿಕೊಂಡು ಕುಂತಿದ್ರು. ಅತ್ತಿ ಇದನ್ನ ಕೇಳಿ, "ಅಲ್ಲಿಯೂ ಮೆಣಸಿನಕಾಯಿ ಹಾಕ್ಯಾರೇನು?" ಅಂದ್ಲು.

ಈಗ ನೋಡ್ರಿ, ಬೀಗರು ಖರೇನs ಬಂದ್ರು. ಹದಿನೈದು ದಿನ ಕಳದಿರಬೇಕು, ಮಾಳವ್ವನ್ನ ನೋಡಾಕ ಯರಗುಪ್ಪಿಯಿಂದ ಕಲ್ಲವ್ವ ಅನ್ನೂ ದೊಡ್ಡ ಹೆಣಮಗಳು ಮಗ ಸಿದ್ದಪ್ಪನ್ನ ಕರಕೊಂಡು ಬಂದ್ಲು. ಜೋಡಿಗೆ ಮಗಳು ರೇಣವ್ವ. ಮಾಳವ್ವ ಚಾದ ತಾಟು ಹಿಡಕೊಂಡು ಹೊರಗ ಬಂದಾಕಿ ರೇಣವ್ವನ್ನ ನೋಡಿ ಗಕ್ಕನ ನಿಂತ್ಲು. ರೇಣವ್ವ ಅಂದ್ರ ಯರಗುಪ್ಪಿ ತಂಡದ ಗೋಲಿ! ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿ ನಗಿ ತಡಕೊಳ್ಳಾಕಾಗದ ತಾಟಿನ್ಯಾಗಿನ ಕಪ್ಪು ಗಲಗಲ ಅಂದ್ವು.

ಎಲ್ಲಾ ಪಸಂದ ಬಂತು. ಏಳೂ ಮುಂದ ಕಲ್ಲವ್ವ ಅಂದ್ಲು: "ಹುಡುಗಿ ನಮಗ ಅಗದಿ ಮನಸಿಗೆ ಬಂದಾಳ್ರಿ ಬೀರಪ್ಪಣ್ಣಾ. ಒಂದs ಮಾತು. ಲಗ್ನ ಆದಮ್ಯಾಲೆ ಆ ಚಡ್ಡಿ ಹಾಕ್ಕೊಂಡು ಬಾಲು ಆಡೂದು ಬಂದ್ ಆಗಬೇಕು."

ನನ್ನ ಬಾಯಿ ಸುಮ್ಮನ ಇರತೈತೇನು? "ನಿಮ್ಮ ರೇಣವ್ವ ಆಡತಾಳಲ್ರಿ ಕಲ್ಲವ್ವಾರ?" ಅಂದೆ.

"ಆಕಿ ಮಗಳು. ಮಗಳ ಮಾತು ಬ್ಯಾರೆ, ಸೊಸಿ ಮಾತು ಬ್ಯಾರೆ."

ಸಿದ್ದಪ್ಪನ ಕಡೆ ನೋಡಿದೆ. "ನಂದೇನ ತಕರಾರಿಲ್ರಿ, ಅವ್ವನ ಕೇಳ್ರಿ," ಅಂತ ಆತ ಚಪ್ಪಲಿ ಹುಡುಕಾಕ ಹತ್ತಿದ. ಗಂಡಸು! ಬಾವ ನನ್ನ ಕಡೆ ಕಣ್ಣ ಬಿಟ್ಟಿದ್ದಕ್ಕ ನಾ ಚಾದ ಕಪ್ಪು ಕೂಡಿಸಾಕ ಹತ್ತಿದೆ. ಎರಡನೇ ಆಟ ಮುಗದ ಮ್ಯಾಲೆ ಜವಾಬು ಹೇಳತೇವಿ ಅಂತ ಬಾವ ಅಂದ. "ಆಗಲಿ, ನಮ್ಮೂರಾಗ ಅಲ್ಲ ಆಟ? ನಾನೂ ಬಂದು ನೋಡತೀನಿ," ಅಂತ ಕಲ್ಲವ್ವ ಹೋದ್ಲು.

ಸಂಜಿಗೆ ಕಣದಾಗ ಮಾಳವ್ವ ನನ್ನ ಬಾಜು ಬಂದು ಕುಂತ್ಲು. "ಹುಡುಗ ನನಗ ಸೇರ್ಯಾನ ಚಿಗವ್ವಾ," ಅಂದ್ಲು. ಒಂದು ಬಿಳಿಗಾಯಿ ಆರಿಸಿ ಒಗದು, "ಗೋಲ ಬಿಡೂದೂ ಆಗೂದಿಲ್ಲ. ಎರಡೂ ಬೇಕು ನನಗ," ಅಂದ್ಲು. ಆ ಧ್ವನಿಯೊಳಗ ಅಳು ಇರಲಿಲ್ಲ. ನನಗ ಆಕಿ ಮ್ಯಾಲೆ ಎಂಥಾ ಪ್ರೀತಿ ಬಂತಂದ್ರ, ಅಲ್ಲೇ ತಲಿಗೊಂದು ಹೊಡದೆ.

ಆ ತಿಂಗಳ ಎರಡು ಖುಷಿ ಸುದ್ದಿ ಸ್ಪೇನಿನ ಕಡಿಂದನ ಬಂದ್ವು. ಇಟಲಿಗೆ ಹೋಗಿ, ಬೀಗರೂರಾಗ, ಆಟದ ಕಡೀಕಡೀಕ ಮೂರು ಗೋಲು ಹೊಡದು ಬಂದ್ರು. ಆಮ್ಯಾಲೆ ಜರ್ಮನಿಯ ದೊಡ್ಡ ತಂಡ. ಇನ್ನೇನು ಇವರು ಮುಗದ್ರು ಅಂತ ಎಲ್ಲಾರೂ ಅಂದ್ರು. ತಮ್ಮೂರಾಗ ಒಂದು ಹೊಡದ್ರು, ಅಲ್ಲಿ ಹೋಗಿ ಇನ್ನೇನು ಆಟ ಮುಗೀತು ಅನ್ನೂದರಾಗ ಸಮ ಮಾಡಿ, ದಾಟಿಬಿಟ್ರು. ಆಟ ನಡುರಾತ್ರಿ ಆಗತಿದ್ವು, ನಾವು ಮುಂಜಾನೆ ನೋಡತಿದ್ವಿ. ಮೊದಲs ಯಾರು ಗೆದ್ರು ಅಂತ ಬಾಯಿ ಬಿಟ್ರ ಅತ್ತಿ ಬಡಿಗಿ ತಗೋತಿದ್ಲು. ಜರ್ಮನಿದು ನೋಡಿ ಮುಗಿಸಿ, "ಸಣ್ಣೂರವರು ಅಂದ್ರ ಹಿಂಗಿರಬೇಕು," ಅಂತ ಮೊಬೈಲಿಗೆ ಭಂಡಾರ ಹಚ್ಚಿದ್ಲು. ಆ ಹಳದಿ ಕಲಿ ಇವತ್ತಿಗೂ ಸ್ಪೀಕರಿನ ತೂತಿನ್ಯಾಗ ಐತಿ.

ಯರಗುಪ್ಪಿ ಆಟಕ್ಕ ಹೋಗೂ ಹೊತ್ತಿಗೆ ಕಣದಾಗಿನ ಕಾಯಿ ಪ್ಯಾಟಿಗೆ ಹೋಗಿ, ಬಿಸಿಗಾಳಿ ಸುರು ಆಗಿತ್ತು. ಟ್ರ್ಯಾಕ್ಟರ್ ತುಂಬ ಹಳದಿ ಅಂಗಿ. ಅತ್ತಿ ಭಂಡಾರದ ಚೀಲ ಹಿಡಕೊಂಡು ಎಲ್ಲಾರ ಹಣಿಗೂ ಹಚ್ಚಿದ್ಲು, ಬ್ಯಾಡ ಅಂದ್ರೂ ರೆಫ್ರಿ ಹಣಿಗೂ ಹಚ್ಚಿದ್ಲು. ಕಲ್ಲವ್ವ ಬೇವಿನ ಗಿಡದ ನೆಳ್ಳಿಗೆ ಅಗದಿ ಮುಂದ ಕುಂತಿದ್ಲು. ಬಾವ ದೂರ ಕುಂತು ಬೀಡಿ ಹಚ್ಚಿದ್ದ.

ಆಟ ಹೆಂಗಿತ್ತು ಅಂತ ನಾ ಏನ ಹೇಳಲಿ! ಅವರು ಒಂದು ಹೊಡದ್ರು, ನಾವು ಹೊಡದ್ವಿ. ಮತ್ತ ಅವರು, ಮತ್ತ ನಾವು. ಮಾಳವ್ವ ಮಣ್ಣಿನ್ಯಾಗ ಉರುಳಿ ಉರುಳಿ ಹಳದಿ ಅಂಗಿ ಕರ್ರಗ ಮಾಡಿಕೊಂಡ್ಲು, ಒಂದು ಬಾಲಂತೂ ಬೆರಳ ತುದಿಲೆ ತಗದ್ಲು. ಸೀಟಿ ಊದಿದಾಗ ಎರಡಕ್ಕ ಎರಡು. ಎರಡೂ ಊರಿಂದು ಕೂಡಿಸಿದ್ರ ಮೂರಕ್ಕ ಮೂರು. ಆದ್ರ ಅವರು ನಮ್ಮೂರಾಗ ಹೊಡದಿದ್ದು ಒಂದು, ನಾವು ಅವರೂರಾಗ ಹೊಡದಿದ್ದು ಎರಡು. ಬೀಗರೂರಿನ ಗೋಲಿನ ಲೆಕ್ಕದಾಗ ನಾವು ಗೆದ್ದಿದ್ವಿ! ನಮ್ಮ ಹುಡುಗ್ಯಾರು ಕುಣಿಯಾಕ ಹತ್ತಿದ್ರು, ಅತ್ತಿ ಭಂಡಾರ ಗಾಳಿಗೆ ತೂರಿದ್ಲು. ಅವರ ಮಾಸ್ತರು ನನ್ನ ಕೈ ಕುಲುಕಾಕ ಬಂದ್ರು.

ಮಾಳವ್ವ ನಡುವ ಬಂದು ನಿಂತ್ಲು.

"ಬ್ಯಾಡ್ರಿ ಸರ್. ಪೆನಾಲ್ಟಿ ಹೊಡಿಯೂಣು."

"ಯಾಕವಾ, ಗೆದ್ದೀರಲ್ಲ? ಮಾತಾಗೇತಿ," ಅಂದ್ರು ಮಾಸ್ತರು.

"ನಮ್ಮೂರಾಗ ಹೊಡದ್ರ ಒಂದು, ಇಲ್ಲಿ ಹೊಡದ್ರ ಅದಕ್ಕ ಹೆಚ್ಚಿನ ಬೆಲಿ ಅನ್ನೂದು ನನಗ ಬ್ಯಾಡ್ರಿ," ಅಂದ್ಲು. ಹೇಳಿದ್ದು ಮಾಸ್ತರಿಗೆ, ನೋಡಿದ್ದು ಬೇವಿನ ಗಿಡದ ಕಡೆ. "ತವರಿನ್ಯಾಗ ಒಂದು ಬೆಲಿ, ಬೀಗರ ಮನ್ಯಾಗ ಒಂದು ಬೆಲಿ ಯಾಕ? ಅಲ್ಲಿ ಒಂದಂದ್ರ ಒಂದು, ಇಲ್ಲಿಯೂ ಒಂದಂದ್ರ ಒಂದು. ನಾ ಎಲ್ಲಿ ಆಡಿದ್ರೂ ನಾನs."

ಬಾವ ಬೀಡಿ ಒಗದು ಎದ್ದ, "ಏ ಹುಚ್ಚಿ, ಸುಮ್ಮನಿರ್ಲೇ!" ಅಂತ ಚೀರಿದ. ಎರಡನೇ ಗೋಲು ಹೊಡದ ನಮ್ಮ ಹುಡುಗಿಯಂತೂ ಮಾರಿ ಊದಿಸಿ ನಿಂತ್ಲು. ಗೆದ್ದದ್ದನ್ನ ಕೈಯಾರೆ ಚೆಲ್ಲೂದಂದ್ರ ನನಗೂ ಸಣ್ಣ ಮಾತಲ್ಲ. ಆದ್ರ ಕ್ಯಾಪ್ಟನ್ ಯಾರು? ಸೀಟಿ ತಗದು ನಾನs ಊದಿದೆ, "ಪೆನಾಲ್ಟಿ" ಅಂದೆ.

ಸ್ಪೇನಿನ ಫೈನಲ್ಲಿನಂಗ ಆತು, ಗೋಲಿ ಬಂದು ಗೆಲ್ಲಿಸಿದ್ಲು ಅಂತ ಬರೀಬೇಕಂತ ನನಗೂ ಆಸೆ. ಹಂಗ ಆಗಲಿಲ್ಲ. ಮಾಳವ್ವ ಒಂದು ಹಿಡದ್ಲು. ನಮ್ಮವರು ಒಂದು ಕಂಬಕ್ಕ ಹೊಡದ್ರು, ಒಂದು ಬೇವಿನ ಗಿಡಕ್ಕ ಹೊಡದ್ರು. ಕಡೀದನ್ನ ರೇಣವ್ವ ಹಾರಿ ಹಿಡದ್ಲು. ಸೋತ್ವಿ. ಯರಗುಪ್ಪಿ ಕುಣೀತು. ಅತ್ತಿ ಖಾಲಿ ಭಂಡಾರದ ಚೀಲ ಮಡಚಿ ನಡಕ್ಕ ಸಿಗಿಸಿಕೊಂಡ್ಲು, ಆ ಹಳೇ ಸೆಮಿಫೈನಲ್ ಕೇಳಿದ ದಿನದ ಮಾರಿನs ಮಾಡಿದ್ಲು.

ಬಾವ ಬಂದು ಮಗಳ ಮುಂದ ನಿಂತ. "ಬಾಯಿ ಮುಚ್ಚಿಕೊಂಡಿದ್ರ ಗೆದ್ದಿದ್ವಲ್ಲಬೇ! ಸಂಬಂಧಾನೂ ಹೋತು, ಆಟಾನೂ ಹೋತು."

ಮಾಳವ್ವ ತಲಿ ಕೆಳಗ ಹಾಕಲಿಲ್ಲ. ಅಷ್ಟರಾಗ ಕಲ್ಲವ್ವ ಗಿಡದ ಬುಡದಿಂದ ಎದ್ದು ಬಂದ್ಲು, ಕೈಯಾಗ ಮಜ್ಜಿಗಿ ತಂಬಗಿ. ತನ್ನ ಮಗಳಿಗೆ ತಂದಿದ್ದು ಅದು, ನಾ ಬಲ್ಲೆ. ರೇಣವ್ವ ಕೈ ಚಾಚಿದ್ಲು ಸೈತ. ಆಕಿನ್ನ ದಾಟಿ ಬಂದು ಮಾಳವ್ವನ ಕೈಯಾಗ ಇಟ್ಲು.

"ಕುಡಿ. ಗಂಟಲ ಒಣಗೇತಿ, ಭಾಳ ಮಾತಾಡೀದಿ."

ಮಾಳವ್ವ ಕುಡದ್ಲು. ಕಲ್ಲವ್ವ ಬಾವನ ಕಡೆ ತಿರುಗಿದ್ಲು. "ಬೀರಪ್ಪಣ್ಣಾ, ಬೈಬ್ಯಾಡ್ರಿ. ತನ್ನ ಮಾತಿನ ಮ್ಯಾಲೆ ನಿಂತು ಸೋತಾಳ ಹುಡುಗಿ. ಹಿಂಥಾಕಿ ಮುಂದ ನಾ ಮಗಳಿಗೊಂದು ಸೊಸಿಗೊಂದು ಅಂತ ಎರಡು ಮಾತು ಹೆಂಗ ಆಡಲಿ? ನನ್ನ ಮಾತು ತಿರುಗಿ ತಗೊಂಡೇನಿ. ಆಡಲಿ."

"ಹಂಗಾರ ಗೋಲಿನ್ಯಾಗಿನ ನನ್ನ ಜಾಗಾ?" ಅಂತ ರೇಣವ್ವ ಕೂಗಿದ್ಲು.

"ನೀ ಲಗ್ನ ಆಗಿ ಹೋಗೂದೈತಿ. ಹೋದಲ್ಲಿ ಆಡು. ಬ್ಯಾಡ ಅಂದ್ರ ನನಗ ಹೇಳು, ನಾ ಬರತೀನಿ," ಅಂದ್ಲು ಕಲ್ಲವ್ವ.

ನಾ ಅತ್ತೆ. ಹೇಳಾಕ ನಾಚಿಕಿಲ್ಲ, ಬೀಗರ ಎದುರಿಗೆ ಸೀಟಿ ಬಾಯಾಗ ಕಚ್ಚಿಕೊಂಡು ಅತ್ತೆ, ಅದು ಪೀ ಪೀ ಅಂತಿತ್ತು.

ಮುಂದ ಕೆಲವು ದಿನಕ್ಕ ಸ್ಪೇನಿನವರೂ ಸೋತ್ರು. ಸೆಮಿಫೈನಲ್ಲಿನ್ಯಾಗ ಇಂಗ್ಲೆಂಡಿಗೆ ಹೋಗಿ ಎರಡು ಗೋಲಿನ ಹಿನ್ನಡೆ ತಂದಿದ್ರು, ತಮ್ಮೂರಾಗ ಅರ್ಧ ಆಟದಾಗ ಎರಡೂ ತೀರಿಸಿದ್ರು, ಉಳದರ್ಧದಾಗ ಕೈಬಿಟ್ರು. ಅತ್ತಿ ಈ ಸಲ ರೊಟ್ಟಿ ಬಿಡಲಿಲ್ಲ. "ಮತ್ತ ಬರತಾರ, ಅವರಿಗೆ ರೂಢಿ ಐತಿ," ಅಂತ ಇನ್ನೊಂದು ಹಾಕಿಸಿಕೊಂಡ್ಲು.

ಮೊನ್ನೆ ಆ ಬಸ್ಸಿನ್ಯಾಗ ನಾ ಅವಸರ ಮಾಡಿಕೊಂಡು ಬರಾಕತ್ತಿದ್ದೂ ಆಟಕ್ಕನ. ಯರಗುಪ್ಪಿ ಸೊಸಿ ಮಾಳವ್ವ ಆ ಊರ ತಂಡದ ಹಸರು ಅಂಗಿ ಹಾಕ್ಕೊಂಡು ನಮ್ಮ ಕಣದಾಗ ನಮಗs ಎದುರಾಗಿ ಗೋಲಿನ್ಯಾಗ ನಿಂತಿದ್ಲು. ಆಕಿ ಕೂಸು ಕಲ್ಲವ್ವನ ಬಗಲಾಗಿತ್ತು. ಅರ್ಧ ಕಣ ಕೆಂಪು, ಘಾಟು ಹಂಗs. ಅತ್ತಿ ಕೋಲೂರಿಕೊಂಡು ಹೋಗಿ ಮಾಳವ್ವನ ಹಣಿಗೆ ಭಂಡಾರ ಹಚ್ಚಿ ಬಂದ್ಲು. ಬಂದಾಕಿ ನಮ್ಮ ಹುಡುಗ್ಯಾರ ಕಿವ್ಯಾಗ ಏನಂದ್ಲು ಗೊತ್ತೇನು?

"ಎಡಗಡೆ ಹೊಡೀರಿ. ಸಣ್ಣಾಕಿದ್ದಾಗಿಂದ ಆಕಿಗೆ ಆ ಕಡೆ ಬೀಳಾಕ ತಡಾ."

ನಮ್ಮ ಒಬ್ಬ ಹುಡುಗಿ ಎಡಗಡೆನs ಹೊಡದ್ಲು. ಚಲೋ ಹೊಡದ್ಲು. ಮಾಳವ್ವ ಅಡ್ಡ ಬಿದ್ದು ಎರಡೂ ಕೈಲೆ ಬಾಲು ಎದಿಗೆ ಅವಚಿಕೊಂಡು ಎದ್ಲು. ನಮ್ಮೂರು ಪೂರಾ 'ಛೇ' ಅಂತಿದ್ದಾಗ ಅತ್ತಿ ಒಬ್ಬಾಕಿನs ಕೋಲು ಒಗದು ಚಪ್ಪಾಳಿ ತಟ್ಟಿದ್ಲು.

"ಆಯಿ, ನೀ ಯಾವೂರಾಕಿ ಬೇ?" ಅಂದ್ಲು ಬಾಲು ಹೊಡದ ಹುಡುಗಿ, ಸಿಟ್ಟಿನ್ಯಾಗ.

ಅತ್ತಿ ಚಪ್ಪಾಳಿ ನಿಲ್ಲಿಸಲಿಲ್ಲ. "ಅಲ್ಲಿ ಒಂದಂದ್ರ ಒಂದು, ಇಲ್ಲಿಯೂ ಒಂದಂದ್ರ ಒಂದು," ಅಂದ್ಲು, ಅಂದು ಜೋರಾಗಿ ಸೀನಿದ್ಲು.